ಪ್ರತಿಕ್ರಿಯೆ: ಐಎಸ್‌ಐ ಅಂತ ಕೊಟ್ಟ ಆರ್‌ಒ, ನೀರು ಮಾತ್ರ ಸವಳು

ಐಎಸ್‌ಐ (ಸರ್ಕಾರಿ ಗುಣಮಟ್ಟದ ಗುರುತು) ಇದೆ ಅಂತ ಅಂಗಡಿಯವರು ಕೊಟ್ಟ ಆರ್‌ಒ, ಅಂದ್ರೆ ನೀರು ಶುದ್ಧ ಮಾಡುವ ಮಷಿನ್, ಸವಳು ನೀರೇ ಕೊಡುತ್ತಿದೆ ಅಂತ ಬರೆದಿದ್ದೀರಿ. ಅವರು ತೋರಿಸಿದ ಗುರುತು ಬಹುಶಃ ಅಡಾಪ್ಟರ್‌ದು, ಮಷಿನ್‌ದಲ್ಲ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಅಡಾಪ್ಟರ್ ಮೇಲೆ ‘ಆರ್-’ ಅಂತ ಶುರುವಾಗುವ ನಂಬರ್ ಇರುತ್ತದೆ. ಅದು ಕರೆಂಟಿನ ಸುರಕ್ಷತೆಗೆ, ನೀರಿಗಲ್ಲ.

ಮೊದಲು ಮಷಿನ್ ಹಿಂದಿನ ಸ್ಟಿಕ್ಕರ್ ಫೋಟೊ ತೆಗೆಯಿರಿ. ನಿಜವಾದ ಐಎಸ್‌ಐ ಆರ್‌ಒ ಆದರೆ ಗುರುತಿನ ಮೇಲೆ ಐಎಸ್ 16240 (ಆರ್‌ಒ ಮಷಿನ್‌ಗಳ ಮಾನದಂಡದ ಸಂಖ್ಯೆ), ಕೆಳಗೆ ‘ಸಿಎಂ/ಎಲ್’ ಅಂತ ಕಂಪನಿಯ ಲೈಸೆನ್ಸ್ ನಂಬರ್ ಇರಬೇಕು. ಆ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ (ಐಎಸ್‌ಐ ಗುರುತು ಕೊಡುವ ಸಂಸ್ಥೆಯದು) ಹಾಕಿ ನೋಡಿ. ಬೇರೆ ಕಂಪನಿ ಹೆಸರು ಬಂತು ಅಂದ್ರೆ ಅಲ್ಲೇ ದೂರು ಕೊಡಿ.

ಆಮೇಲೆ ಬೋರ್ ನೀರು ಒಂದು ಬಾಟಲಿ, ಮಷಿನ್ ನೀರು ಒಂದು ಬಾಟಲಿ ಲ್ಯಾಬಿಗೆ ಕೊಡಿ. ಸುಮ್ನೆ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ನೋಡಿ ಬಿಡಬೇಡಿ, ಫ್ಲೋರೈಡ್ ಕೂಡ ಮಾಡಿಸಿ. ನಮ್ಮ ಯಾದಗಿರಿ ಕಡೆ ಅದರ ಕಾಟ ಇದೆ, ನಾಲಿಗೆಗೆ ಗೊತ್ತಾಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಮಷಿನ್ ಒಳಗೆ ಉಪ್ಪು ತಡೆಯುವ ಪೊರೆ (ಮೆಂಬ್ರೇನ್) ಹಾಳಾಗಿಯೂ ಸವಳು ಬರುತ್ತಿರಬಹುದು, ನೋಡದೆ ಹೇಳಲಾರೆ.

ಬಿಲ್ ಇದೆ ಅಲ್ವಾ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಕೇಸಿಗೆ ಶುಲ್ಕವಿಲ್ಲ, 2 ವರ್ಷದೊಳಗೆ ಹಾಕಬೇಕು ಅಷ್ಟೇ.