ಹಳೆ ಕಂಪ್ಯೂಟರಿಗೆ ನೆಟ್‌ವರ್ಕ್ ಕ್ಲೈಂಟ್: ಎಲ್ಲಿ ಕೈಕೊಡುತ್ತದೆ, ಯಾಕೆ

ಪ್ರಶ್ನೆ: 486 ಯಂತ್ರ, ಡಾಸ್ 6.22. ಎನ್‌ಇ2000 ಎಂಬ ಹಳೆಯ ಮಾದರಿಗೆ ಹೊಂದುವ ಐಸಾ (ಹಳೆಯ ಸ್ಲಾಟಿನ) ನೆಟ್‌ವರ್ಕ್ ಕಾರ್ಡ್ ಹಾಕಿ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0 ಇನ್‌ಸ್ಟಾಲ್ ಮಾಡಿದ್ದೇನೆ. ಬೂಟ್ ಆಗುವಾಗ ‘ಎರರ್ 33: ಅನೇಬಲ್ ಟು ಬೈಂಡ್’ ಎಂದು ಬರುತ್ತದೆ. ಮೂರು ಸಲ ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಕತೆ.

ಉತ್ತರ: ನಾಲ್ಕನೇ ಸಲ ಮಾಡಬೇಡಿ, ಫ್ಲಾಪಿ ಸವೆಯುತ್ತದೆ ಅಷ್ಟೇ. ಇಲ್ಲಿ ಕ್ಲೈಂಟಿನದು ಏನೂ ತಪ್ಪಿಲ್ಲ. ನೆಟ್‌ಬೈಂಡ್ ಎಂಬ ಪುಟ್ಟ ಪ್ರೋಗ್ರಾಂ ಪ್ರೋಟೊಕಾಲನ್ನು (ಯಂತ್ರಗಳು ಮಾತಾಡಿಕೊಳ್ಳುವ ರೀತಿಯನ್ನು) ಕಾರ್ಡಿನ ಡ್ರೈವರಿಗೆ ಕಟ್ಟಲು ಹೋಗಿದೆ, ಆ ಕಡೆ ಡ್ರೈವರೇ ಎದ್ದಿಲ್ಲ. ಬಹುತೇಕ ಕಾರಣ ಒಂದೇ: ಕಾರ್ಡ್ ಒಂದು ಪೋರ್ಟ್ ವಿಳಾಸದಲ್ಲಿ (ಯಂತ್ರ ಕಾರ್ಡಿನ ಜೊತೆ ಮಾತಾಡುವ ಜಾಗದ ನಂಬರಿನಲ್ಲಿ) ಕೂತಿದೆ, ಡ್ರೈವರ್ ಇನ್ನೊಂದು ಕಡೆ ಹುಡುಕುತ್ತಿದೆ. ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಎಂದು ಬಂದಾಗ ಎಫ್8 ಒತ್ತಿ, ಒಂದೊಂದೇ ಸಾಲಿಗೆ ಒಪ್ಪಿಗೆ ಕೊಡುತ್ತ ಹೋಗಿ. ಎರರ್ 33ಕ್ಕಿಂತ ಮೇಲೆ ಡ್ರೈವರ್ ತನ್ನದೇ ದೂರನ್ನು ಹೇಳಿರುತ್ತದೆ. ಪರದೆ ಸರ್ರನೆ ಮೇಲೆ ಹೋಗುವುದರಿಂದ ಅದನ್ನು ಯಾರೂ ಓದಿರುವುದಿಲ್ಲ.

ಮೊದಲು ಕಾರ್ಡನ್ನು ಒಂದು ಕಡೆ ಗಟ್ಟಿಯಾಗಿ ಕೂರಿಸಿ. ಜಂಪರ್ (ಸೆಟ್ಟಿಂಗ್ ಬದಲಿಸಲು ಪಿನ್ನುಗಳ ಮೇಲೆ ಕೂರಿಸುವ ಪುಟ್ಟ ತುಂಡು) ಇರುವ ಕಾರ್ಡಾದರೆ ಎಲ್ಲಿಟ್ಟರೆ ಯಾವ ವಿಳಾಸ ಎಂಬುದು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಜಂಪರ್ ಇಲ್ಲದೆ ರಿಯಲ್‌ಟೆಕ್ ಆರ್‌ಟಿಎಲ್8019ಎಎಸ್ ಚಿಪ್ ಇದ್ದರೆ, ಅದು ಪ್ಲಗ್ ಆಂಡ್ ಪ್ಲೇ (ಯಂತ್ರವೇ ಕಾರ್ಡಿಗೆ ವಿಳಾಸ ಹಂಚುವ) ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಡಾಸ್‌ಗೆ ಪ್ಲಗ್ ಆಂಡ್ ಪ್ಲೇ ಗೊತ್ತಿಲ್ಲ, ಯಾರೂ ಎಬ್ಬಿಸದಿದ್ದರೆ ಕಾರ್ಡ್ ಹಾಗೇ ಮಲಗಿರುತ್ತದೆ. ಆರ್‌ಸೆಟ್8019 ಎಂಬ ಸೆಟಪ್ ಪ್ರೋಗ್ರಾಮನ್ನು ಬರಿಯ ಡಾಸ್‌ನಲ್ಲಿ, ನೆಟ್‌ವರ್ಕ್ ಡ್ರೈವರ್ ಯಾವುದೂ ಮೆಮೊರಿಯಲ್ಲಿ ಇಲ್ಲದಾಗ ಓಡಿಸಿ, ‘ಜಂಪರ್‌ಲೆಸ್’ ಆರಿಸಿ, ಪೋರ್ಟ್ ಹೆಕ್ಸ್ (16ರ ಲೆಕ್ಕದ) 300, ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆಯ ನಂಬರು) 10 ಎಂದು ಕೊಟ್ಟು ಉಳಿಸಿ. ಆಮೇಲೆ ಯಂತ್ರವನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಇಂಟರಪ್ಟ್ 10 ಹೇಳಿದ್ದಕ್ಕೆ ಕಾರಣವಿದೆ. ಈ ಕಾರ್ಡುಗಳಿಗೆ ಮಾಮೂಲಾಗಿ ಬರೆದಿರುವುದು 3, ಆದರೆ ಅದು ಎರಡನೇ ಸೀರಿಯಲ್ ಪೋರ್ಟಿನದು. 5ರ ಮೇಲೆ ಸೌಂಡ್ ಕಾರ್ಡ್ ಕಣ್ಣಿಟ್ಟಿರುತ್ತದೆ. 10 ಮತ್ತು 11 ಸಾಮಾನ್ಯವಾಗಿ ಖಾಲಿ, ಆದರೆ 16 ಬಿಟ್ ಸ್ಲಾಟಿನಲ್ಲಿ ಮಾತ್ರ ಸಿಗುತ್ತವೆ. ಪೋರ್ಟ್ ವಿಳಾಸದಲ್ಲೂ ಒಂದು ಗುಂಡಿ ಇದೆ. ಎನ್‌ಇ2000 ಮೊದಲ ವಿಳಾಸದಿಂದ ಮುಂದಕ್ಕೆ 32 ಬೈಟ್ ಜಾಗ ಹಿಡಿಯುತ್ತದೆ. 360ಕ್ಕೆ ಇಟ್ಟರೆ 37ಎಫ್‌ವರೆಗೂ ಚಾಚುತ್ತದೆ, ಅಲ್ಲಿ 378ರಲ್ಲಿ ಪ್ರಿಂಟರ್ ಪೋರ್ಟ್ ಕೂತಿದೆ. ಪ್ರಿಂಟ್ ಕೊಟ್ಟಾಗಲೆಲ್ಲ ನೆಟ್‌ವರ್ಕ್ ಸಾಯುವ ಯಂತ್ರಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಈಗ ಸಿ ಡ್ರೈವಿನ ನೆಟ್ ಫೋಲ್ಡರಿನಲ್ಲಿರುವ ಪ್ರೋಟೊಕಾಲ್.ಐಎನ್‌ಐ ಕಡತವನ್ನು ಎಡಿಟ್‌ನಲ್ಲಿ ತೆರೆಯಿರಿ. ಕಾರ್ಡಿನ ವಿಭಾಗದಲ್ಲಿ ಇಂಟರಪ್ಟ್ ಮತ್ತು ಐಒಬೇಸ್ ಎಂಬ ಎರಡು ಸಾಲುಗಳಿರುತ್ತವೆ. ಸಾಲಿನ ಮೊದಲಿಗೆ ಅರ್ಧವಿರಾಮ ಚಿಹ್ನೆ ಇದ್ದರೆ ಆ ಸಾಲು ಲೆಕ್ಕಕ್ಕಿಲ್ಲ. ಎಷ್ಟೋ ಜನ ಅಂಕಿ ಬದಲಿಸಿ ಚಿಹ್ನೆಯನ್ನು ಹಾಗೇ ಬಿಟ್ಟಿರುತ್ತಾರೆ. ಅದನ್ನು ಅಳಿಸಿ, ಕಾರ್ಡಿನಲ್ಲಿ ಕೊಟ್ಟ ಅಂಕಿಗಳನ್ನೇ ಇಲ್ಲೂ ಹಾಕಿ.

ಬೈಂಡ್ ಆದ ಮೇಲೂ ಸರ್ವರ್ ಸಿಗದಿದ್ದರೆ ಇನ್ನೆರಡು ವಿಷಯ ನೋಡಿ. ಒಂದು, ಈ ಸೆಟಪ್ ತಾನಾಗಿ ಆರಿಸುವುದು ಐಪಿಎಕ್ಸ್ (ಹಳೆಯ ನೆಟ್‌ವೇರ್ ಜಾಲಗಳ) ಮಾದರಿಯ ಪ್ರೋಟೊಕಾಲನ್ನು; ಇಂದಿನ ಜಾಲಗಳ ಟಿಸಿಪಿ/ಐಪಿ ಬೇಕಾದರೆ ನೀವೇ ಸೇರಿಸಿ ಐಪಿಎಕ್ಸನ್ನು ತೆಗೆಯಬೇಕು. ಎರಡು, ಅದೇ ಪ್ರೋಟೊಕಾಲ್.ಐಎನ್‌ಐನಲ್ಲಿ ಕೈಯಾರೆ ವಿಳಾಸ ಕೊಡುವುದಾದರೆ ಅಂಕಿಗಳ ನಡುವೆ ಚುಕ್ಕೆ ಹಾಕಬಾರದು, ಖಾಲಿ ಜಾಗ ಬಿಡಬೇಕು: ‘192 168 1 20’. ಸಬ್‌ನೆಟ್ ಮಾಸ್ಕ್, ಗೇಟ್‌ವೇಗಳಿಗೂ ಅದೇ ರೀತಿ. ಜೊತೆಗೆ ಡಿಸೇಬಲ್‌ಡಿಎಚ್‌ಸಿಪಿ (ವಿಳಾಸ ತಾನಾಗಿ ಪಡೆಯುವುದನ್ನು ನಿಲ್ಲಿಸುವ) ಸಾಲಿಗೆ 1 ಕೊಡಿ. ಬೇರೆಲ್ಲೂ ಕಾಣದ ಪದ್ಧತಿ ಇದು, ಪಳಗಿದ ಕೈಗಳೂ ಇಲ್ಲಿ ಎಡವುತ್ತವೆ.

ಪ್ರಶ್ನೆ: ಕ್ಲೈಂಟ್ ಸರಿಯಾಗಿ ಲೋಡ್ ಆಗುತ್ತದೆ. ಆದರೆ ಆಮೇಲೆ ಹಳೆಯ ಲೆಕ್ಕಪತ್ರದ ಪ್ರೋಗ್ರಾಂ ‘ಮೆಮೊರಿ ಸಾಲದು’ ಎನ್ನುತ್ತದೆ. ಯಂತ್ರದಲ್ಲಿ 16 ಎಂಬಿ ಇದೆ.

ಉತ್ತರ: 16 ಎಂಬಿ ಇದ್ದರೂ ಡಾಸ್ ಪ್ರೋಗ್ರಾಮುಗಳೆಲ್ಲ ಕಿತ್ತಾಡುವುದು ಮೊದಲ 640 ಕೆಬಿಗೆ. ‘ಮೆಮ್ /ಸಿ’ ಕೊಟ್ಟರೆ ಯಾರು ಎಷ್ಟು ತಿಂದಿದ್ದಾರೆ ಎಂಬ ಪಟ್ಟಿ ಬರುತ್ತದೆ. ಹೈಮೆಮ್ ಮತ್ತು ಇಎಂಎಂ386 ಎಂಬ ಮೆಮೊರಿ ಡ್ರೈವರುಗಳು ಲೋಡ್ ಆಗಿ, ಕಾನ್ಫಿಗ್.ಸಿಸ್‌ನಲ್ಲಿ ‘ಡಾಸ್=ಹೈ,ಯುಎಂಬಿ’ ಸಾಲು ಇದೆಯೇ ನೋಡಿ. ಮೌಸ್, ಸಿಡಿ ಡ್ರೈವರುಗಳನ್ನು 640 ಕೆಬಿಯ ಮೇಲಿನ ಮೆಮೊರಿಗೆ ಹತ್ತಿಸಿ.

ಕ್ಲೈಂಟಿನ ಸೆಟಪ್‌ನಲ್ಲೇ ಬೇಸಿಕ್ ಮತ್ತು ಫುಲ್ ಎಂಬ ಎರಡು ರೀಡೈರೆಕ್ಟರುಗಳಿವೆ (ದೂರದ ಡ್ರೈವನ್ನು ನಮ್ಮದೇ ಎಂಬಂತೆ ತೋರಿಸುವ ಭಾಗ). ಡೊಮೇನ್ ಲಾಗಾನ್ (ಕಚೇರಿಯ ಕೇಂದ್ರ ಸರ್ವರಿಗೆ ಲಾಗಾನ್) ಬೇಡವಾದರೆ, ಹಂಚಿದ ಡ್ರೈವ್ ಮತ್ತು ಪ್ರಿಂಟರ್ ಸಿಕ್ಕರೆ ಸಾಕೆಂದರೆ, ‘ನೆಟ್ ಸ್ಟಾರ್ಟ್ ಬೇಸಿಕ್’ ಸಾಕು. ಜಾಗ ಗಣನೀಯವಾಗಿ ಉಳಿಯುತ್ತದೆ. ಟಿಸಿಪಿ/ಐಪಿಗಿಂತ ನೆಟ್‌ಬಿಇಯುಐ ಎಂಬ ಹಳೆಯ ಪ್ರೋಟೊಕಾಲ್ ಹಗುರ. ಆದರೆ ಆ ಕಡೆಯ ಯಂತ್ರಕ್ಕೂ ಅದು ಬರಬೇಕು, ಸಾಂಬಾಗೆ (ಲಿನಕ್ಸಿನಿಂದ ವಿಂಡೋಸ್ ಯಂತ್ರಗಳಿಗೆ ಕಡತ ಹಂಚುವ ತಂತ್ರಾಂಶ) ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಸಿಡಿಯ ವ್ಯಾಲ್ಯೂಆಡ್ ಫೋಲ್ಡರಿನಲ್ಲಿ ಅದು ಇದೆ, ಹುಡುಕಿ ಹಾಕಿಕೊಳ್ಳಬೇಕು.

ಇಷ್ಟಾದರೂ ಸಾಲದಿದ್ದರೆ ಬೂಟ್ ಮೆನು ಮಾಡಿ. ಡಾಸ್ 6ರಲ್ಲಿ ಕಾನ್ಫಿಗ್.ಸಿಸ್‌ನಲ್ಲೇ ‘ನೆಟ್‌ವರ್ಕ್ ಇದ್ದು’, ‘ಇಲ್ಲದೆ’ ಎಂದು ಎರಡು ದಾರಿ ಇಡಬಹುದು. ಕಡತ ಸಾಗಿಸುವುದಷ್ಟೇ ಕೆಲಸವಾದರೆ ನಾನು ಈ ಕ್ಲೈಂಟನ್ನೇ ಕೈಬಿಟ್ಟು ಪ್ಯಾಕೆಟ್ ಡ್ರೈವರ್ (ಕಾರ್ಡಿಗೆ ಇನ್ನೊಂದು ಬಗೆಯ ಪುಟ್ಟ ಡ್ರೈವರ್) ಮತ್ತು ಎಂಟಿಸಿಪಿ (ಡಾಸ್‌ನ ಟಿಸಿಪಿ/ಐಪಿ ಪ್ರೋಗ್ರಾಮುಗಳ ಕಟ್ಟು) ಹಾಕಿಕೊಳ್ಳಿ ಎನ್ನುತ್ತೇನೆ. ಮೆಮೊರಿಯಲ್ಲಿ ಕೂರುವುದು ಕೆಲವೇ ಕೆಬಿಯ ಡ್ರೈವರ್ ಮಾತ್ರ, ಎಫ್‌ಟಿಪಿ ಬೇಕಾದಾಗ ಓಡಿ ಮುಗಿಯುತ್ತದೆ. ಡ್ರೈವರ್ ಕರೆಯುವಾಗ ಒಂದು ಎಚ್ಚರ: ಸೊನ್ನೆ-ಎಕ್ಸ್ ಹಚ್ಚಿದ ಅಂಕಿ ಹೆಕ್ಸ್, ಹಚ್ಚದಿದ್ದರೆ ದಶಮಾಂಶ. ಇಂಟರಪ್ಟ್ 10ಕ್ಕೆ ಸೊನ್ನೆ-ಎಕ್ಸ್ ಸೇರಿಸಿ 10 ಬರೆದರೆ ಅದು 16 ಆಗುತ್ತದೆ, ಆ ನಂಬರಿನ ಇಂಟರಪ್ಟೇ ಇಲ್ಲ. ಪ್ಯಾಕೆಟ್ ಡ್ರೈವರನ್ನೂ ಮೈಕ್ರೋಸಾಫ್ಟ್ ಕ್ಲೈಂಟನ್ನೂ ಒಂದೇ ಕಾರ್ಡಿನ ಮೇಲೆ ಹಾಗೇ ಒಟ್ಟಿಗೆ ಏರಿಸಬಾರದು ಎಂಬುದೂ ನೆನಪಿರಲಿ.

ಪ್ರಶ್ನೆ: ವಿಂಡೋಸ್ 98 ಯಂತ್ರದಿಂದ ಲಿನಕ್ಸ್ ಸರ್ವರಿನ ಹಂಚಿದ ಫೋಲ್ಡರ್ ತೆರೆಯಬೇಕು. ಪಿಂಗ್ ಬರುತ್ತದೆ. ನೆಟ್‌ವರ್ಕ್ ನೇಬರ್‌ಹುಡ್ ಖಾಲಿ. ಮೊದಲೆಲ್ಲ ‘ಐಪಿಸಿ$’ಗೆ (ಸರ್ವರಿನ ಒಳಗಿನ ಸಂಪರ್ಕದ ಹಂಚಿಕೆ) ಪಾಸ್‌ವರ್ಡ್ ಕೇಳುತ್ತಿತ್ತು, ಏನು ಕೊಟ್ಟರೂ ಒಪ್ಪುತ್ತಿರಲಿಲ್ಲ. ಸರ್ವರ್ ಅಪ್‌ಡೇಟ್ ಆದ ಮೇಲೆ ಅದೂ ಇಲ್ಲ.

ಉತ್ತರ: ಇದರಲ್ಲಿ ಮೂರು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲು 98ರ ಕಡೆ. ಕಂಟ್ರೋಲ್ ಪ್ಯಾನೆಲಿನ ನೆಟ್‌ವರ್ಕ್‌ನಲ್ಲಿ ‘ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್’ ಇದೆಯೇ, ‘ಪ್ರೈಮರಿ ನೆಟ್‌ವರ್ಕ್ ಲಾಗಾನ್’ ಜಾಗದಲ್ಲೂ ಅದೇ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ಆದರೆ ಅದಕ್ಕೂ ಮುಂಚೆ ಸಿಡಿಯ ವಿನ್98 ಫೋಲ್ಡರಿನಲ್ಲಿರುವ ಕ್ಯಾಬ್ ಕಡತಗಳನ್ನೆಲ್ಲ ವಿಂಡೋಸ್ ಫೋಲ್ಡರಿನ ಒಳಗೆ ಆಪ್ಷನ್ಸ್, ಅದರೊಳಗೆ ಕ್ಯಾಬ್ಸ್ ಎಂಬಲ್ಲಿಗೆ ಇಳಿಸಿಕೊಳ್ಳಿ. ಸೆಟಪ್ ಸಿಡಿ ಕೇಳಿದಾಗ ಆ ದಾರಿ ಕೊಡಿ. ಕಾರ್ಡಿನ ಡ್ರೈವರ್ ಬದಲಿಸುವಾಗ ಸಿಡಿ ಡ್ರೈವ್ ಕೈಕೊಟ್ಟು ಅರ್ಧದಲ್ಲಿ ನಿಂತ ಯಂತ್ರಗಳು ಕಡಿಮೆಯಿಲ್ಲ. ನಡುವೆ ‘ಇರುವ ಕಡತ ಹೊಸದು, ಉಳಿಸಿಕೊಳ್ಳಲೇ?’ ಎಂದು ಕೇಳಿದರೆ ಉಳಿಸಿಕೊಳ್ಳಿ.

ರೀಬೂಟ್ ಆದಾಗ ಬರುವ ಹೆಸರು-ಪಾಸ್‌ವರ್ಡಿನ ಪೆಟ್ಟಿಗೆಯನ್ನು ಎಸ್ಕೇಪ್ ಒತ್ತಿ ಓಡಿಸಬೇಡಿ. ಡೆಸ್ಕ್‌ಟಾಪ್ ಬರುತ್ತದೆ, ಎಲ್ಲ ಸರಿಯಿರುವ ಹಾಗೆ ಕಾಣುತ್ತದೆ, ಆದರೆ ನೀವು ನೆಟ್‌ವರ್ಕಿಗೆ ಲಾಗಾನ್ ಆಗಿರುವುದಿಲ್ಲ. ನೇಬರ್‌ಹುಡ್ ಖಾಲಿ ಕಾಣಲು ಇದೊಂದೇ ಸಾಕು. 98ರ ಕ್ಲೈಂಟ್ ಸರ್ವರಿಗೆ ಕಳಿಸುವುದು ಇಲ್ಲಿ ಕೊಟ್ಟ ಹೆಸರನ್ನೇ. ‘ಐಪಿಸಿ$’ ಪೆಟ್ಟಿಗೆ ಬರೀ ಪಾಸ್‌ವರ್ಡ್ ಕೇಳುತ್ತದೆ, ಹೆಸರು ಬದಲಿಸಲು ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಸರ್ವರಿನಲ್ಲಿರುವ ಬಳಕೆದಾರ ಹೆಸರಿನಲ್ಲೇ 98ಕ್ಕೂ ಲಾಗಾನ್ ಆಗಿ. ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಕಾಡುತ್ತಿದ್ದರೆ ವಿಂಡೋಸ್ ಫೋಲ್ಡರಿನಲ್ಲಿ ಪಿಡಬ್ಲ್ಯೂಎಲ್ ಎಂದು ಕೊನೆಯಾಗುವ ಕಡತದ ಹೆಸರು ಬದಲಿಸಿ.

ಇನ್ನು ಸರ್ವರ್. 98 ಮಾತನಾಡುವುದು ಎಸ್‌ಎಂಬಿ 1 ಎಂಬ ಕಡತ ಹಂಚಿಕೆಯ ಹಳೆಯ ಪ್ರೋಟೊಕಾಲನ್ನು. ಸಾಂಬಾ 2019ರ 4.11ರಿಂದ ಅದನ್ನು ತಾನಾಗಿ ಮುಚ್ಚಿಟ್ಟಿದೆ. ಅಪ್‌ಡೇಟ್ ಆದ ಮೇಲೆ ಕಾಣೆಯಾಗಿದ್ದು ಅದಕ್ಕೇ. ಸಾಂಬಾದ ಕಾನ್ಫಿಗ್ ಕಡತದ ಗ್ಲೋಬಲ್ ವಿಭಾಗದಲ್ಲಿ ‘ಸರ್ವರ್ ಮಿನ್ ಪ್ರೋಟೊಕಾಲ್’ಗೆ ಎನ್‌ಟಿ1, ‘ಎನ್‌ಟಿಎಲ್‌ಎಂ ಆಥ್’ಗೆ ಯೆಸ್, ‘ಲ್ಯಾನ್‌ಮ್ಯಾನ್ ಆಥ್’ಗೆ ಯೆಸ್ ಕೊಡಿ. ಡಾಸ್ ಕ್ಲೈಂಟ್ ಕೂಡ ಬರಬೇಕಾದರೆ ಎನ್‌ಟಿ1 ಬದಲು ಲ್ಯಾನ್‌ಮ್ಯಾನ್1. ಇಷ್ಟು ಮಾಡಿ ನಿಲ್ಲಿಸಿದರೆ ಪಾಸ್‌ವರ್ಡ್ ಇನ್ನೂ ಒಪ್ಪುವುದಿಲ್ಲ. ಲ್ಯಾನ್‌ಮ್ಯಾನ್ ಹ್ಯಾಶ್ (98 ಬಳಸುವ, ಪಾಸ್‌ವರ್ಡಿನ ಗೂಢ ರೂಪ) ತಯಾರಾಗುವುದು ಪಾಸ್‌ವರ್ಡ್ ಇಡುವ ಹೊತ್ತಿನಲ್ಲಿ. ಆದ್ದರಿಂದ ಸೆಟ್ಟಿಂಗ್ ಬದಲಿಸಿದ ಮೇಲೆ ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ಯಿಂದ ಅದೇ ಪಾಸ್‌ವರ್ಡನ್ನಾದರೂ ಇನ್ನೊಮ್ಮೆ ಇಡಬೇಕು. 14 ಅಕ್ಷರ ಮೀರಬಾರದು. ಹಂಚಿಕೆಯ ಹೆಸರು 12 ಅಕ್ಷರ ಮೀರಿದರೆ 98ಕ್ಕೆ ಕಾಣುವುದೇ ಇಲ್ಲ.

ಮೂರನೆಯದು ಹೆಸರು ಹುಡುಕುವುದು. ನೇಬರ್‌ಹುಡ್ ಪಟ್ಟಿಯನ್ನು ನಂಬಬೇಡಿ. ಯಂತ್ರಗಳು ತಮ್ಮ ಇರವನ್ನು ಸಾರುವುದು 12 ನಿಮಿಷಕ್ಕೊಮ್ಮೆ, ಮೂರು ಸಲ ಸದ್ದಿಲ್ಲದಿದ್ದರಷ್ಟೇ ಪಟ್ಟಿಯಿಂದ ತೆಗೆಯುತ್ತಾರೆ. ಹೀಗಾಗಿ ಇದ್ದದ್ದು ಕಾಣದಿರಬಹುದು, ಆಫ್ ಆದದ್ದು ಅರ್ಧ ಗಂಟೆ ಕಾಣುತ್ತಲೇ ಇರಬಹುದು. ವಿಂಡೋಸ್ ಫೋಲ್ಡರಿನಲ್ಲಿ ಎಲ್‌ಎಂಹೋಸ್ಟ್ಸ್ ಎಂಬ ಕಡತ ಮಾಡಿ, ಸರ್ವರಿನ ವಿಳಾಸ, ಒಂದು ಜಾಗ, ಅದರ ಹೆಸರು, ಕೊನೆಗೆ ‘#ಪ್ರಿ’ ಎಂಬ ಗುರುತು (ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಗುರುತು ದೊಡ್ಡಕ್ಷರದಲ್ಲಿ) ಬರೆಯಿರಿ. ಕಡತಕ್ಕೆ ಬಾಲ ಇರಕೂಡದು. ನೋಟ್‌ಪ್ಯಾಡ್ ಸದ್ದಿಲ್ಲದೆ ಟಿಎಕ್ಸ್‌ಟಿ ಅಂಟಿಸುತ್ತದೆ, ಮಾದರಿ ಕಡತಕ್ಕೆ ಎಸ್‌ಎಎಂ ಎಂಬ ಬಾಲವಿದೆ. ಎರಡರಲ್ಲಿ ಯಾವ ಬಾಲ ಇದ್ದರೂ ವಿಂಡೋಸ್ ಕಡತವನ್ನು ಓದುವುದಿಲ್ಲ. ‘ಎನ್‌ಬಿಟಿಸ್ಟ್ಯಾಟ್ -ಆರ್’ (ದೊಡ್ಡಕ್ಷರದ ಆರ್) ಕೊಟ್ಟರೆ ಹೊಸದಾಗಿ ಓದಿಕೊಳ್ಳುತ್ತದೆ.

ಎಸ್‌ಎಂಬಿ 1 ತೆರೆಯುವುದು ಹುಡುಗಾಟವಲ್ಲ. 2017ರ ಮೇನಲ್ಲಿ ವಾನಕ್ರೈ ಹರಡಿದ್ದು ವಿಂಡೋಸಿನ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದ. ಮನೆಯ ಕಡತಗಳೆಲ್ಲ ಇರುವ ಸರ್ವರಿನಲ್ಲಿ ಇದನ್ನು ಮಾಡಬೇಡಿ. ಎರಡು ನೆಟ್‌ವರ್ಕ್ ಕಾರ್ಡಿನ ಇನ್ನೊಂದು ಪುಟ್ಟ ಲಿನಕ್ಸ್ ಯಂತ್ರ ನಡುವೆ ಇಡಿ. ಸಾಂಬಾದ ‘ಇಂಟರ್‌ಫೇಸಸ್’ ಸಾಲಿನಲ್ಲಿ ಹಳೆಯ ಯಂತ್ರಗಳ ಕಡೆಯ ಕಾರ್ಡನ್ನಷ್ಟೇ ಹೇಳಿ, ‘ಬೈಂಡ್ ಇಂಟರ್‌ಫೇಸಸ್ ಓನ್ಲಿ’ಗೆ ಯೆಸ್ ಕೊಡಿ. 98ಕ್ಕೆ ಇಂಟರ್‌ನೆಟ್ ದಾರಿಯೂ ಬೇಡ, ಗೇಟ್‌ವೇ ಜಾಗ ಖಾಲಿ ಬಿಡಿ.

ಪ್ರಶ್ನೆ: ಹಳೆಯ ನೆಟ್‌ವೇರ್ (ನಾವೆಲ್ ಕಂಪನಿಯ ಸರ್ವರ್ ತಂತ್ರಾಂಶ) ಸರ್ವರಿಗೆ ಡಾಸ್‌ನಿಂದ ಸೇರಲು ಹೋದರೆ ‘ಫೈಲ್ ಸರ್ವರ್ ಸಿಗಲಿಲ್ಲ’ ಎನ್ನುತ್ತದೆ. ಕಾರ್ಡಿನ ಪರೀಕ್ಷೆ ಪಾಸಾಗಿದೆ.

ಉತ್ತರ: ಫ್ರೇಮ್ ಮಾದರಿ (ತಂತಿಯಲ್ಲಿ ಹೋಗುವ ಪ್ಯಾಕೆಟ್ಟನ್ನು ಕಟ್ಟುವ ರೀತಿ) ನೋಡಿ. ನೆಟ್‌ವೇರ್ 3.11ರವರೆಗೆ ಮಾಮೂಲಿ ಮಾದರಿ ಈಥರ್‌ನೆಟ್ 802.3, 3.12 ಮತ್ತು 4ರಲ್ಲಿ 802.2. ಎರಡೂ ಒಂದೇ ತಂತಿಯಲ್ಲಿ ಓಡಾಡುತ್ತವೆ, ಒಂದಕ್ಕೊಂದು ಅರ್ಥವಾಗುವುದಿಲ್ಲ. ಸರ್ವರಿನ ಕನ್ಸೋಲಿನಲ್ಲಿ ‘ಕಾನ್ಫಿಗ್’ ಎಂದು ಹೊಡೆದರೆ ಅದು ಯಾವುದನ್ನು ಬಳಸುತ್ತಿದೆ ಎಂದು ತೋರಿಸುತ್ತದೆ; ನೆಟ್.ಸಿಎಫ್‌ಜಿ ಕಡತದ ‘ಲಿಂಕ್ ಡ್ರೈವರ್’ ಕೆಳಗೆ ಅದನ್ನೇ ಬರೆಯಿರಿ. ಈ ಕಡತದಲ್ಲಿ ತಲೆಬರಹ ಎಡ ಅಂಚಿಗೆ ಅಂಟಿರಬೇಕು, ಅದರ ಕೆಳಗಿನ ಸಾಲುಗಳು ಸ್ವಲ್ಪ ಒಳಗೆ ಸರಿದಿರಬೇಕು. ಲೋಡ್ ಮಾಡುವ ಕ್ರಮ ಎಲ್‌ಎಸ್‌ಎಲ್, ಕಾರ್ಡಿನ ಡ್ರೈವರ್, ಐಪಿಎಕ್ಸ್‌ಒಡಿಐ, ವಿಎಲ್‌ಎಂ. ಇಳಿಸುವಾಗ ತಿರುವುಮುರುವು, ಪ್ರತಿಯೊಂದಕ್ಕೂ ‘/ಯು’. ವಿಎಲ್‌ಎಂ ಬಳಸಿದರೆ ಕಾನ್ಫಿಗ್.ಸಿಸ್‌ನಲ್ಲಿ ಲಾಸ್ಟ್‌ಡ್ರೈವ್ ಝಡ್ ಇರಲಿ.

ಪ್ರಶ್ನೆ: ಎಲ್ಲ ಸರಿ, ಪಿಂಗ್ ಚೆನ್ನಾಗಿದೆ. ಆದರೆ ದೊಡ್ಡ ಕಡತ ಕಾಪಿ ಮಾಡಿದರೆ ನಿಂತು ನಿಂತು ಹೋಗುತ್ತದೆ. ಕ್ಲೈಂಟಿನಲ್ಲಿ ಏನು ಬದಲಿಸಲಿ?

ಉತ್ತರ: ಕ್ಲೈಂಟನ್ನು ಮುಟ್ಟಬೇಡಿ. ಇದು ಎರಡು ತುದಿಗಳ ಡ್ಯೂಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆದರೆ ಫುಲ್, ಸರದಿಯಲ್ಲಾದರೆ ಹಾಫ್) ಹೊಂದದಿರುವ ಲಕ್ಷಣ. ಹಳೆಯ 10 ಮೆಗಾಬಿಟ್ ಕಾರ್ಡಿಗೆ ಸ್ವಿಚ್ಚಿನ ಜೊತೆ ಮಾತಾಡಿ ವೇಗ ಗೊತ್ತು ಮಾಡಿಕೊಳ್ಳಲು ಬರುವುದಿಲ್ಲ. ಆಗ ಸ್ವಿಚ್ ಹಾಫ್ ಡ್ಯೂಪ್ಲೆಕ್ಸ್ ಎಂದುಕೊಳ್ಳುತ್ತದೆ, ಅದೇ ಸರಿ. ‘ಫುಲ್ ಇದ್ದರೆ ವೇಗ ಹೆಚ್ಚು’ ಎಂದು ಕಾರ್ಡಿನ ಸೆಟಪ್‌ನಲ್ಲೋ ಸ್ವಿಚ್ಚಿನಲ್ಲೋ ಒಂದೇ ಕಡೆ ಫುಲ್ ಮಾಡಿದರೆ, ಒಂದು ಕಡೆಯವರು ಕೇಳಿಸಿಕೊಳ್ಳದೆ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಡಿಕ್ಕಿಯಾಯಿತೆಂದು ಹಿಂದೆ ಸರಿಯುತ್ತಾರೆ. ಪಿಂಗ್‌ನ ಪುಟ್ಟ ಪ್ಯಾಕೆಟ್ಟುಗಳು ನುಸುಳಿಬಿಡುತ್ತವೆ, ಕಡತದ ಸಾಲುಸಾಲು ಪ್ಯಾಕೆಟ್ಟುಗಳು ಸಿಕ್ಕಿಬೀಳುತ್ತವೆ. ಎರಡೂ ಕಡೆ ಹಾಫ್‌ಗೆ ತನ್ನಿ. ದೀಪವೇ ಹತ್ತದಿದ್ದರೆ ಸ್ವಿಚ್ಚಿನ ಪೋರ್ಟಿಗೆ 10 ಮೆಗಾಬಿಟ್ ವೇಗವೇ ಬರದಿರಬಹುದು. 2.5 ಗಿಗಾಬಿಟ್‌ನ ಕೆಲವು ಪೋರ್ಟುಗಳು ಹಾಗಿವೆ, ನಡುವೆ ಹಳೆಯ 10/100 ಸ್ವಿಚ್ ಹಾಕಿದರೆ ಮುಗಿಯಿತು.

ನಿಮ್ಮದು ಸ್ವಿಚ್ ಅಲ್ಲದೆ ಒಂದೇ ದುಂಡು ಕೇಬಲ್ ಯಂತ್ರದಿಂದ ಯಂತ್ರಕ್ಕೆ ಹೋಗುವ ಬಿಎನ್‌ಸಿ ಜಾಲವಾದರೆ ಪರೀಕ್ಷೆ ಬೇರೆ. ಎಲ್ಲ ಯಂತ್ರ ಆಫ್ ಮಾಡಿ, ಒಂದು ಟಿ ಕನೆಕ್ಟರನ್ನು ಕಾರ್ಡಿನಿಂದ ಬಿಚ್ಚಿ, ಅದರ ನಡುವಿನ ಸೂಜಿಗೂ ಹೊರ ಕವಚಕ್ಕೂ ಮಲ್ಟಿಮೀಟರ್ ಹಚ್ಚಿ. 25 ಓಮ್ ಆಸುಪಾಸು ಬಂದರೆ ಎರಡು ತುದಿಯ ಟರ್ಮಿನೇಟರುಗಳೂ (ಕೇಬಲಿನ ತುದಿಗೆ ಹಾಕುವ 50 ಓಮ್ ಮುಚ್ಚಳ) ಇವೆ. 50 ಬಂದರೆ ಒಂದು ತುದಿಯದು ಬಿದ್ದುಹೋಗಿದೆ, ಇಲ್ಲವೇ ನಡುವೆ ಎಲ್ಲೋ ಕೇಬಲ್ ತುಂಡಾಗಿದೆ.