ಮೇಲಿನ ತಂಡದ ಬೆಂಚೋ, ಕೆಳಗಿನ ತಂಡದ ಆಟವೋ

ಟೆಕ್ಸಾಸ್‌ನ ಡಲ್ಲಾಸ್ ಸುತ್ತಮುತ್ತ ಮೇ ಕೊನೆ, ಜೂನ್ ಶುರು ಅಂದರೆ ಸಾಕರ್ ಟ್ರೈಔಟ್‌ಗಳ ಕಾಲ, ಅಂದರೆ ಫುಟ್‌ಬಾಲ್ ಕ್ಲಬ್‌ಗಳು ತಂಡಗಳಿಗೆ ಮಕ್ಕಳನ್ನು ಆರಿಸುವ ಕಾಲ. ಸಲಹೆ ಕೇಳಿ ನನ್ನ ಬಳಿ ಬರುವ ಕನ್ನಡದ ಮನೆಗಳಲ್ಲೂ ಆಗ ಅದೇ ಮಾತು, ಅದೇ ಜಗಳ. ಈ ಪ್ರಕರಣ 2025ರ ಜೂನ್‌ನದು. ಮನೆಯವರ ಮತ್ತು ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಹುಡುಗಿಯನ್ನು ನಿಧಿ ಎಂದು ಕರೆಯೋಣ.

ನಿಧಿ ಹುಟ್ಟಿದ್ದು 2013ರ ಅಕ್ಟೋಬರ್‌ನಲ್ಲಿ. ಮನೆಯ ಹತ್ತಿರದ ಕ್ಲಬ್ಬಿನ ಎರಡನೇ ತಂಡದಲ್ಲಿ ಮಿಡ್‌ಫೀಲ್ಡ್ ಆಡುತ್ತಿದ್ದಳು. ಆ ವರ್ಷ ಅಪ್ಪ ಅವಳನ್ನು ದೂರದ ಇನ್ನೊಂದು ಕ್ಲಬ್ಬಿನ ಟ್ರೈಔಟ್‌ಗೂ ಕರೆದುಕೊಂಡು ಹೋದರು. ಅಲ್ಲಿನ ಇಸಿಎನ್‌ಎಲ್ ತಂಡದಿಂದ ಆಫರ್ ಬಂತು. ಉತ್ತರ ಕೊಡಲು 48 ಗಂಟೆ ಮಾತ್ರ. ಆ 48 ಗಂಟೆಯ ನಡುವೆಯೇ ಅವರು ನನಗೆ ಫೋನ್ ಮಾಡಿದ್ದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ಹುಡುಗಿಯರ ಕ್ಲಬ್ ಸಾಕರ್‌ನ ಮೇಲಿನ ಮೆಟ್ಟಿಲಲ್ಲಿ ಇಸಿಎನ್‌ಎಲ್ ಮತ್ತು ಗರ್ಲ್ಸ್ ಅಕಾಡೆಮಿ ಲೀಗ್‌ಗಳಿವೆ. ಇಸಿಎನ್‌ಎಲ್ 2009ರಲ್ಲಿ ಹುಡುಗಿಯರಿಗಾಗಿ ಶುರುವಾದದ್ದು. ಅದರ ಕೆಳಗೆ ಅದೇ ಹೆಸರಿನ ರೀಜನಲ್ ಲೀಗ್, ಆಮೇಲೆ ರಾಜ್ಯದ ಮತ್ತು ಊರಿನ ಲೀಗ್‌ಗಳು. ಒಂದೇ ಕ್ಲಬ್ಬಿನಲ್ಲಿ ಒಂದೇ ವಯಸ್ಸಿನ ಮೂರು ನಾಲ್ಕು ತಂಡ ಇರುವುದೂ ಉಂಟು. ಯಾರ ಮಗಳು ಯಾವ ತಂಡ ಅನ್ನುವುದು ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅದು ಯಾಕೆ ಗೊತ್ತಿರಬೇಕೋ ನನಗಂತೂ ತಿಳಿಯದು.

ಅಪ್ಪ ದಾವಣಗೆರೆ ಕಡೆಯವರು. ಓದಿನಲ್ಲಿ ಮೇಲೆ ಬಂದವರು. ಅವರ ಲೆಕ್ಕ ನೇರವಾಗಿತ್ತು. "ಮೇಡಂ, ಸಿಇಟಿಯಲ್ಲಿ ನಮಗೆ ಹೇಳ್ತಿದ್ರು, ಒಳ್ಳೆ ಕಾಲೇಜಲ್ಲಿ ಕೊನೇ ಸೀಟು ಸಿಕ್ಕರೂ ಸೇರ್ಕೋ, ಡಿಗ್ರಿ ಮೇಲೆ ಕಾಲೇಜಿನ ಹೆಸರೇ ಇರೋದು ಅಂತ. ಇಲ್ಲೂ ಹಾಗೇ ಅಲ್ವಾ?"

ಅಮ್ಮನ ಚಿಂತೆ ಬೇರೆ. ಹೊಸ ಮೈದಾನಕ್ಕೆ ಸಂಜೆಯ ಟ್ರಾಫಿಕ್‌ನಲ್ಲಿ 40 ನಿಮಿಷ. ವಾರಕ್ಕೆ ಮೂರು ದಿನ ಪ್ರಾಕ್ಟೀಸ್, ಮುಗಿಯುವುದು ರಾತ್ರಿ 9ಕ್ಕೆ. ಮ್ಯಾಚ್‌ಗೆ ಹ್ಯೂಸ್ಟನ್, ಆಸ್ಟಿನ್, ಸ್ಯಾನ್ ಆಂಟೋನಿಯೊ. ಹ್ಯೂಸ್ಟನ್‌ಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಹೋಟೆಲ್ ಖರ್ಚು ಫೀಸಿನ ಮೇಲೆ. "ಚಿಕ್ಕವನೊಬ್ಬ ಇದ್ದಾನೆ. ಅವನು ಪ್ರತಿ ವಾರಾಂತ್ಯ ಹಿಂದಿನ ಸೀಟಲ್ಲೇ ಬೆಳೀಬೇಕಾ?" ಎಂದರು.

ನಿಧಿ ಇಬ್ಬರ ನಡುವೆ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನಿನಗೇನು ಇಷ್ಟ ಎಂದರೆ, "ಯಾವುದಾದ್ರೂ ಓಕೆ" ಅಂದಳು. ಹನ್ನೊಂದು ವರ್ಷದ ಮಗು ತನಗೆ ಇಷ್ಟವಾದ ಆಟದ ಬಗ್ಗೆ ಹೀಗೆ ಹೇಳಿದರೆ ಎಲ್ಲರೆದುರು ಮತ್ತೆ ಕೇಳಬಾರದು. ಅಪ್ಪ ಅಮ್ಮನನ್ನು ಹೊರಗೆ ಕಳಿಸಿದೆ.

ಇಬ್ಬರೇ ಇದ್ದಾಗಲೂ ಅವಳು ಮೊದಲು ಮಾತಾಡಿದ್ದು ತಂಡದ ಬಗ್ಗೆ ಅಲ್ಲ, ಚಡ್ಡಿಯ ಬಗ್ಗೆ. ಹೊಸ ಕ್ಲಬ್ಬಿನ ಯೂನಿಫಾರ್ಮ್‌ನಲ್ಲಿ ಬಿಳಿ ಶಾರ್ಟ್ಸ್. ಅವಳಿಗೆ ಮುಟ್ಟು ಶುರುವಾಗಿ ಕೆಲವೇ ತಿಂಗಳಾಗಿತ್ತು, ಇನ್ನೂ ದಿನ ಸರಿಯಾಗಿ ಕೂಡಿರಲಿಲ್ಲ. ಕೋಚ್ ಗಂಡಸು. ಮೈದಾನದಲ್ಲಿ ಪ್ಲಾಸ್ಟಿಕ್ ಡಬ್ಬದಂಥ ಟಾಯ್ಲೆಟ್. ಹಳೇ ತಂಡದಲ್ಲಿ ಕಪ್ಪು ಶಾರ್ಟ್ಸ್, ಗೆಳತಿಯರಿಗೆಲ್ಲ ವಿಷಯ ಗೊತ್ತು, ಅಸಿಸ್ಟೆಂಟ್ ಕೋಚ್ ಕಾಲೇಜಿನ ಹುಡುಗಿ. "ಅಪ್ಪಂಗೆ ಹೇಳ್ಬೇಡಿ ಆಂಟಿ. ಅವರು ವಿಡಿಯೊ ತೆಗೆದು ದಾವಣಗೆರೆ ಗ್ರೂಪಿಗೆ ಹಾಕ್ತಾರೆ. ದೊಡ್ಡಪ್ಪ ಎಲ್ಲ ನೋಡ್ತಾರೆ."

ಇದು ಸಣ್ಣ ವಿಷಯ ಅನ್ನುವವರಿಗೆ ಒಂದು ಮಾತು. 2023ರಲ್ಲಿ ಇಂಗ್ಲೆಂಡ್ ಮಹಿಳಾ ತಂಡ ವಿಶ್ವಕಪ್‌ಗೆ ಮೊದಲು ಬಿಳಿ ಶಾರ್ಟ್ಸ್ ಬಿಟ್ಟು ನೀಲಿಗೆ ಬದಲಾಯಿತು. ಅದೇ ವರ್ಷ ಅಮೆರಿಕದ ಒರ್ಲ್ಯಾಂಡೊ ಪ್ರೈಡ್ ತಂಡ ಕಪ್ಪಿಗೆ ಬದಲಾಯಿತು. ಕಾರಣ ಇದೇ ಮುಟ್ಟು. ವೃತ್ತಿಪರ ಆಟಗಾರ್ತಿಯರಿಗೇ ತಲೆಬಿಸಿ ತಂದ ವಿಷಯ ಆರನೇ ಕ್ಲಾಸಿನ ಹುಡುಗಿಗೆ ಸಣ್ಣದು ಹೇಗಾದೀತು?

ಆಮೇಲೆ ಆಟದ ಮಾತು ಬಂತು. ಬಾಲ್ ಕಾಲಲ್ಲಿದ್ದಾಗ ಬೇರೇನೂ ನೆನಪಾಗುವುದಿಲ್ಲ ಎಂದಳು. ಮೇಲಿನ ತಂಡ ಬೇಡವಾ? "ಬೇಕು. ಆದರೆ ಆಡೋಕೆ ಬೇಕು." ಟ್ರೈಔಟ್‌ನಲ್ಲಿ ಉಳಿದ ಹುಡುಗಿಯರು ತನಗಿಂತ ಎತ್ತರ, ಜೋರು, ತನ್ನನ್ನು ತಳ್ಳಿಕೊಂಡೇ ಹೋಗುತ್ತಿದ್ದರು ಅಂತಲೂ ಹೇಳಿದಳು.

ಅಪ್ಪ ಅಮ್ಮನಿಗೆ ಏನು ಹೇಳಬಹುದು, ಏನು ಹೇಳಬಾರದು ಎಂದು ಅವಳನ್ನೇ ಕೇಳಿದೆ. ಮುಟ್ಟಿನ ವಿಷಯ ಅಮ್ಮನ ಹತ್ತಿರ ಮಾತ್ರ ಮಾತಾಡಬಹುದು, ವಿಡಿಯೊ ವಿಷಯ ಅಪ್ಪನಿಗೆ ಹೇಳಬಹುದು ಎಂದಳು. ಹಾಗೇ ಮಾಡಿದೆ.

ನನ್ನ ಮೊದಲ ಸಲಹೆ ತಂಡದ ಬಗ್ಗೆ ಇರಲಿಲ್ಲ. 48 ಗಂಟೆಯ ಒತ್ತಡದಲ್ಲಿ ಉತ್ತರ ಕೊಡಬೇಡಿ, ಇನ್ನು ಮೂರು ದಿನ ಬೇಕೆಂದು ಕೇಳಿ ಎಂದೆ. ಕೊಡದಿದ್ದರೆ ಅದೂ ಆ ಕ್ಲಬ್ ಬಗ್ಗೆ ಒಂದು ಮಾಹಿತಿಯೇ. ಅವರು ಕೊಟ್ಟರು. ಸಹಿ ಮಾಡುವ ಮುಂಚೆ ಕಾಗದ ಪೂರ್ತಿ ಓದಿ ಎಂದೂ ಹೇಳಿದೆ. ಎಷ್ಟೋ ಕ್ಲಬ್‌ಗಳಲ್ಲಿ ಮಧ್ಯದಲ್ಲಿ ಬಿಟ್ಟರೂ ಇಡೀ ವರ್ಷದ ಫೀಸು ಕಟ್ಟಬೇಕಾಗುತ್ತದೆ.

ಆಮೇಲೆ ಅಪ್ಪನ ಸಿಇಟಿ ಲೆಕ್ಕಕ್ಕೆ ಬಂದೆವು. ಇದರ ಮೇಲೆ ಜಾಸ್ತಿ ಹೊತ್ತು ಮಾತಾಡಿದೆವು, ಯಾಕೆಂದರೆ ಅವರ ತರ್ಕ ಸುಳ್ಳಲ್ಲ. ಕಾಲೇಜಿನಲ್ಲಿ ಕೊನೆಯ ರ‍್ಯಾಂಕಿನವನೂ ಅದೇ ಕ್ಲಾಸಿನಲ್ಲಿ ಕೂರುತ್ತಾನೆ, ಅದೇ ಪಾಠ ಕೇಳುತ್ತಾನೆ, ಅದೇ ಪರೀಕ್ಷೆ ಬರೆಯುತ್ತಾನೆ. ಫುಟ್‌ಬಾಲ್ ತಂಡದಲ್ಲಿ ಹಾಗಿಲ್ಲ. ಹದಿನೆಂಟು ಜನರ ತಂಡದಲ್ಲಿ ಹದಿನೇಳನೆಯವಳಿಗೆ ಸಿಗುವ ಪರೀಕ್ಷೆಯೇ ಬೇರೆ. ಯು-13, ಅಂದರೆ 13 ವರ್ಷದೊಳಗಿನವರ, ಒಂದು ಮ್ಯಾಚ್ 70 ನಿಮಿಷ. ಕಾಗದದ ಮೇಲೆ ಲೆಕ್ಕ ಹಾಕಿದೆವು. ವರ್ಷಕ್ಕೆ 20 ಮ್ಯಾಚ್ ಎಂದುಕೊಳ್ಳಿ. ಈಗಿನ ತಂಡದಲ್ಲಿ ಪೂರ್ತಿ ಆಡಿದರೆ 1,400 ನಿಮಿಷ. ಅಲ್ಲಿ ಕೊನೆಯ 20 ನಿಮಿಷ ಸಿಕ್ಕರೆ 400. ಮಿಕ್ಕಿದ್ದು ಬೆಂಚು. ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ ಬಡಿಸದೆ ಮುಂದೆ ಹೋದ ಹಾಗೆ.

ಅಪ್ಪ ಇಲ್ಲಿ ಒಳ್ಳೆಯ ಪ್ರಶ್ನೆ ಕೇಳಿದರು. "ಪ್ರಾಕ್ಟೀಸ್ ಲೆಕ್ಕಕ್ಕಿಲ್ವಾ ಮೇಡಂ? ವಾರಕ್ಕೆ ಮೂರು ದಿನ ತನಗಿಂತ ಚೆನ್ನಾಗಿ ಆಡೋರ ಜೊತೆ ಇರ್ತಾಳಲ್ಲ?" ಅದು ನಿಜ. ಮ್ಯಾಚಿಗಿಂತ ಪ್ರಾಕ್ಟೀಸಿನಲ್ಲೇ ಮಕ್ಕಳು ಜಾಸ್ತಿ ಬಾಲ್ ಮುಟ್ಟುವುದು. ಪ್ರಾಕ್ಟೀಸ್ ಗಟ್ಟಿಯಾಗಿದ್ದು, ಮ್ಯಾಚಿನಲ್ಲಿ ಅರ್ಧದಷ್ಟಾದರೂ ಆಟ ಸಿಗುವುದಾದರೆ ಮೇಲಿನ ತಂಡವೇ ಮೇಲು. ಹಾಗಾದರೆ ಊಹೆ ಯಾಕೆ, ಕೋಚ್‌ನನ್ನೇ ಕೇಳಿ ಎಂದೆ. ನಾಲ್ಕು ವಿಷಯ ಬರೆದು ಕಳಿಸಿದರು. ನಿಧಿಯನ್ನು ಯಾವ ಜಾಗದಲ್ಲಿ ಆಡಿಸುತ್ತೀರಿ, ತಂಡದಲ್ಲಿ ಎಷ್ಟು ಹುಡುಗಿಯರು, ಆಟದ ಸಮಯ ಹೇಗೆ ಹಂಚುತ್ತೀರಿ, ಪ್ರಾಕ್ಟೀಸಿಗೆ ಮುಂಚೆ ಮೊಣಕಾಲು ಕಾಪಾಡುವ ವಾರ್ಮಪ್ ಮಾಡಿಸುತ್ತೀರಾ.

ಕೊನೆಯದನ್ನು ನಾನೇ ಸೇರಿಸಿದ್ದು. ಮೈ ಬೆಳೆಯುವ ವಯಸ್ಸಿನಲ್ಲಿ ಹುಡುಗಿಯರಿಗೆ ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ. ಫಿಫಾದ 11 ಪ್ಲಸ್ ಎಂಬ ಸುಮಾರು 20 ನಿಮಿಷದ ವಾರ್ಮಪ್ ಗಾಯಗಳನ್ನು ಕಡಿಮೆ ಮಾಡುತ್ತದೆ. ಖರ್ಚೇನೂ ಇಲ್ಲ. ಆದರೂ ಮಾಡಿಸದ ಕೋಚ್‌ಗಳು ಬೇಕಾದಷ್ಟು ಜನ ಇದ್ದಾರೆ.

ಉತ್ತರ ಮರುದಿನವೇ ಬಂತು. ಮನುಷ್ಯ ಪ್ರಾಮಾಣಿಕ, ಸುತ್ತಿ ಬಳಸಿ ಬರೆದಿರಲಿಲ್ಲ. ತಂಡದಲ್ಲಿ 18 ಜನ. ಮಿಡ್‌ಫೀಲ್ಡ್‌ನಲ್ಲಿ ಜಾಗವಿಲ್ಲ, ನಿಧಿಯನ್ನು ಹಿಂದಿನ ಸಾಲಿಗೆ ಬದಲಿಯಾಗಿ ನೋಡುತ್ತಿದ್ದೇವೆ. ಆಟದ ಸಮಯಕ್ಕೆ ಖಾತ್ರಿ ಇಲ್ಲ. ವಾರ್ಮಪ್ ಮಾಡಿಸುತ್ತೇವೆ. ಅಪ್ಪ ಅದನ್ನು ಎರಡು ಸಲ ಓದಿ ಫೋನ್ ಕೆಳಗಿಟ್ಟರು.

ಇನ್ನೂ ಎರಡು ವಿಷಯ ಅವರ ಲೆಕ್ಕದಲ್ಲೇ ಇರಲಿಲ್ಲ. ಒಂದು, ಆ ವರ್ಷ ನಿಧಿ ಕೆಳಗಿನ ತಂಡದಲ್ಲೇ ಉಳಿದರೂ ಆಟ ತಾನಾಗಿಯೇ ಕಷ್ಟವಾಗುವುದಿತ್ತು. ಯು-12ರವರೆಗೆ 9 ಜನರ ಆಟ, 4ನೇ ಸೈಜಿನ ಬಾಲ್. ಯು-13ರಿಂದ 11 ಜನ, 5ನೇ ಸೈಜಿನ ಬಾಲ್, ದೊಡ್ಡವರ ಅಳತೆಯ ಗೋಲು. ಒಂದೇ ವರ್ಷ ದೊಡ್ಡ ಮೈದಾನ, ಹೊಸ ಊರು, ಹೊಸ ಕೋಚ್, ಹೊಸ ಜಾಗ, ಜೊತೆಗೆ ಬದಲಾಗುತ್ತಿರುವ ಮೈ. ಇದೆಲ್ಲ ಒಟ್ಟಿಗೆ ಬೇಕಾ?

ಎರಡನೆಯದು ಹುಟ್ಟಿದ ತಿಂಗಳು. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದೇ. ಆಗ ತಂಡಗಳು ಕ್ಯಾಲೆಂಡರ್ ವರ್ಷದ ಮೇಲೆ ನಡೆಯುತ್ತಿದ್ದವು. 2013ರಲ್ಲಿ ಹುಟ್ಟಿದವರೆಲ್ಲ ಒಂದು ಗುಂಪು. ಅಕ್ಟೋಬರ್‌ನ ನಿಧಿ ಜನವರಿಯ ಹುಡುಗಿಗಿಂತ ಒಂಬತ್ತು ತಿಂಗಳು ಚಿಕ್ಕವಳು. ಶಾಲೆಯಲ್ಲಿ ಅವಳು ಆರನೇ ಕ್ಲಾಸಿಗೆ ಹೋಗುವವಳು, ತಂಡದಲ್ಲಿ ಹೆಚ್ಚಿನವರು ಏಳನೆಯದಕ್ಕೆ. ಟ್ರೈಔಟ್‌ನಲ್ಲಿ ಅವಳನ್ನು ತಳ್ಳಿಕೊಂಡು ಹೋದದ್ದು ಪ್ರತಿಭೆ ಮಾತ್ರ ಅಲ್ಲ, ತಿಂಗಳುಗಳು ಕೂಡ. ಆದರೆ 2026-27ರ ಸೀಸನ್‌ನಿಂದ ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್‌ನಂಥ ಸಂಸ್ಥೆಗಳು ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಹೋಗುವುದಾಗಿ ಆಗಲೇ ಪ್ರಕಟಿಸಿದ್ದವು. ಆ ಲೆಕ್ಕದಲ್ಲಿ 2013ರ ಆಗಸ್ಟ್‌ನಿಂದ 2014ರ ಜುಲೈವರೆಗೆ ಹುಟ್ಟಿದವರು ಯು-13. ಅಂದರೆ ನಿಧಿ ಮತ್ತೆ ಯು-13ರಲ್ಲೇ ಆಡುತ್ತಾಳೆ. ಈ ಸಲ ಗುಂಪಿನ ದೊಡ್ಡವರಲ್ಲಿ ಒಬ್ಬಳಾಗಿ, ತನ್ನದೇ ಕ್ಲಾಸಿನವರ ಜೊತೆ. ಒಂದು ವರ್ಷ ಕಾದರೆ ಅವಳ ಜಾಗವೇ ಬದಲಾಗುತ್ತದೆ.

ಅಪ್ಪ ಸ್ಪ್ರೆಡ್‌ಶೀಟ್ ಮನುಷ್ಯ. ಇದು ತಟ್ಟನೆ ಅರ್ಥವಾಯಿತು. "ಇದನ್ನ ಕ್ಲಬ್‌ನೋರು ಯಾಕೆ ಹೇಳಲಿಲ್ಲ?" ಎಂದರು. ಅವರಿಗೆ ಈ ವರ್ಷದ ಹದಿನೆಂಟನೇ ಜಾಗ ತುಂಬಬೇಕಿತ್ತು, ಅಷ್ಟೇ.

ಕಾಲೇಜಿನ ಮಾತು ಬಂದೇ ಬರುತ್ತದೆ, ಬಂತು. ಬೇಗ ಮುಗಿಸಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ನಿಯಮದಂತೆ ಡಿವಿಷನ್ 1ರ, ಅಂದರೆ ಮೇಲಿನ ದರ್ಜೆಯ ಕಾಲೇಜುಗಳ, ಕೋಚ್‌ಗಳು ಹುಡುಗಿಯರನ್ನು ತಾವಾಗಿ ಸಂಪರ್ಕಿಸಬಹುದಾದದ್ದು ಹತ್ತನೇ ಕ್ಲಾಸ್ ಮುಗಿದ ಮೇಲಿನ ಜೂನ್ 15ರಿಂದ. ಆರನೇ ಕ್ಲಾಸಿಗೆ ಹೋಗುವ ಮಗುವಿನ ಬೆಂಚನ್ನು ನೋಡಲು ಯಾರೂ ಬರುವುದಿಲ್ಲ. ಆಮೇಲೆ ನಿದ್ದೆ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ವೈದ್ಯರು. ರಾತ್ರಿ 9ಕ್ಕೆ ಮೈದಾನ ಬಿಟ್ಟು, ಮನೆಗೆ ಬಂದು, ಸ್ನಾನ ಮಾಡಿ, ಅನ್ನ ಸಾರು ತಿಂದು ಮಲಗುವಾಗ 11. ಬೆಳಿಗ್ಗೆ 7ಕ್ಕೆ ಶಾಲೆಯ ಬಸ್. ಲೆಕ್ಕ ಅವರೇ ಮಾಡಿಕೊಂಡರು.

ಎಲ್ಲರಿಗೂ ನಾನು ಕೆಳಗಿನ ತಂಡವನ್ನೇ ಹೇಳುವುದಿಲ್ಲ. ಅದೇ ಬೇಸಿಗೆಯಲ್ಲಿ ಬಂದ ಇನ್ನೊಬ್ಬ ಹುಡುಗನಿಗೆ ಹೋಗು ಅಂದೆ. ಅವನು ಪ್ರತಿ ಮ್ಯಾಚಿನಲ್ಲೂ ಸುಲಭವಾಗಿ ಗೋಲು ಹೊಡೆದು, ಪಾಸ್ ಕೊಡುವುದನ್ನೇ ಮರೆತಿದ್ದ. ಪ್ರಾಕ್ಟೀಸ್ ಬೋರು ಎಂದು ತಪ್ಪಿಸುತ್ತಿದ್ದ. ಮೇಲಿನ ತಂಡಕ್ಕೆ ಹೋಗಬೇಕೆಂದು ಅಪ್ಪ ಅಮ್ಮನಿಗಿಂತ ಮೊದಲು ಅವನೇ ಕೇಳಿದ್ದ. ಅಲ್ಲಿನ ಕೋಚ್ ಅವನಿಗೆ ಅವನದೇ ಜಾಗ ಕೊಡುತ್ತೇನೆ ಎಂದಿದ್ದರು. ಅಂಥ ಮಗುವನ್ನು ಗೆಳೆಯರಿದ್ದಾರೆ ಅನ್ನುವ ಕಾರಣಕ್ಕೆ ಕೆಳಗೆ ಹಿಡಿದಿಡುವುದೂ ತಪ್ಪೇ. ಮೊದಲ ಎರಡು ಮೂರು ತಿಂಗಳು ಮುಖ ಸಣ್ಣಗಾಗುತ್ತದೆ, ಗಾಬರಿ ಬೀಳಬೇಡಿ ಎಂದು ಅವನ ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದೆ.

ನಿಧಿಯ ಮನೆಯವರು ಕೊನೆಗೆ ಆಫರ್ ಬೇಡವೆಂದು ಮರ್ಯಾದೆಯಿಂದ ಬರೆದರು. ಮುಂದಿನ ವರ್ಷದ ಟ್ರೈಔಟ್‌ಗೆ ಬಾಗಿಲು ತೆರೆದಿರಲಿ ಎಂದೂ ಸೇರಿಸಿದರು. ಈಗಿನ ಕ್ಲಬ್ಬಿನಲ್ಲಿ ಒಂದು ಅನುಕೂಲ ಕೇಳಿ ಪಡೆದರು. ವಾರಕ್ಕೊಮ್ಮೆ, ಬುಧವಾರ, ಅದೇ ಕ್ಲಬ್ಬಿನ ಮೊದಲ ತಂಡದ ಜೊತೆ ಅವಳ ಪ್ರಾಕ್ಟೀಸ್. ಕ್ಲಬ್ ಪಾಸ್, ಅಂದರೆ ಒಂದೇ ಕ್ಲಬ್ಬಿನ ಬೇರೆ ತಂಡಕ್ಕೂ ಆಡುವ ಅವಕಾಶ, ಇರುವ ಲೀಗ್‌ಗಳಲ್ಲಿ ಆಗೊಮ್ಮೆ ಈಗೊಮ್ಮೆ ಮೇಲಿನ ತಂಡದ ಮ್ಯಾಚಿಗೂ ಕರೆಯಬಹುದು. ಇದನ್ನು ಕೇಳಬಹುದು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ.

ಮನೆಯೊಳಗೆ ನಾನು ಕೇಳಿಕೊಂಡದ್ದು ಎರಡೇ. ಅವಳನ್ನು ಕೇಳದೆ ವಿಡಿಯೊ ಯಾವ ಗ್ರೂಪಿಗೂ ಹೋಗಬಾರದು. ಮ್ಯಾಚಿನಿಂದ ಬರುವಾಗ ಕಾರಿನಲ್ಲಿ ಅವಳಾಗಿ ಎತ್ತುವವರೆಗೆ ಆಟದ ಮಾತು ಬೇಡ. ಮೊದಲನೆಯದಕ್ಕೆ ಅಪ್ಪ ಸ್ವಲ್ಪ ಮುಖ ಕೆಂಪಾಗಿ ಒಪ್ಪಿದರು. ಎರಡನೆಯದು ಅವರಿಗೆ ನಿಜಕ್ಕೂ ಕಷ್ಟ. ಡಿಸೆಂಬರ್‌ನಲ್ಲಿ ಮತ್ತೆ ಮಾತಾಡಿದಾಗ, "ಪಾರ್ಕಿಂಗ್ ಲಾಟ್ ದಾಟೋವರೆಗೆ ತಡ್ಕೋತೀನಿ ಮೇಡಂ" ಎಂದರು. ಅಷ್ಟಾದರೂ ಆಯಿತಲ್ಲ.

ಆ ಸೀಸನ್‌ನಲ್ಲಿ ನಿಧಿಯ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ದೊಡ್ಡ ಮೈದಾನದಲ್ಲಿ ಓಡಿ ಓಡಿ ಸುಸ್ತು, ಆದರೂ ಹೆಚ್ಚುಕಡಿಮೆ ಪೂರ್ತಿ ಆಟ ಆಡಿದಳು. ಬುಧವಾರದ ಪ್ರಾಕ್ಟೀಸಿನಲ್ಲಿ ಮೊದಲ ತಂಡದ ಇಬ್ಬರು ಹುಡುಗಿಯರು ಗೆಳತಿಯರಾದರು. ಮುಂದಿನ ಟ್ರೈಔಟ್‌ಗೆ ದೂರದ ಕ್ಲಬ್ ಬೇಡ, ಇಲ್ಲಿನ ಮೊದಲ ತಂಡಕ್ಕೇ ಪ್ರಯತ್ನಿಸುತ್ತೇನೆ ಎಂದು ಅವಳೇ ಹೇಳಿದ್ದಾಳೆ. ಅಪ್ಪನಿಗೆ ಇನ್ನೂ ಆ ಇನ್ನೊಂದು ಕ್ಲಬ್ಬಿನ ಆಸೆ ಹೋಗಿಲ್ಲ. ಎರಡೂ ಕೋಚ್‌ಗಳಿಗೆ ಅವೇ ನಾಲ್ಕು ಪ್ರಶ್ನೆ ಕಳಿಸಿ, ಉತ್ತರಗಳನ್ನು ನಿಧಿಯ ಜೊತೆ ಕೂತು ಓದಿ ಎಂದಿದ್ದೇನೆ. ಶಾರ್ಟ್ಸ್‌ನ ಬಣ್ಣ ಕೇಳುವ ಕೆಲಸ ಅಮ್ಮನದು.