ಸಂಬಳ ಬರದಿದ್ದರೂ ಸಹಿ ಹಾಕಬೇಕಾ?

ಪ್ರಶ್ನೆ: ನನ್ನ ಮಗ ಒಂದು ವಿಮಾನ ಕಂಪನಿಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಮನೆ ಸಾಲದ ಕಂತನ್ನು ನನ್ನ ಪೆನ್ಶನ್‌ನಲ್ಲಿ ಕಟ್ಟುತ್ತಿದ್ದೇವೆ. ಜೊತೆಯವರೆಲ್ಲ ಸೇರಿ ಕೆಲಸ ನಿಲ್ಲಿಸುವ ಮಾತಾಡುತ್ತಿದ್ದಾರಂತೆ. ‘ಜನರ ಜೀವದ ಜೊತೆ ಆಟ ಆಡಬಾರದು’ ಎಂದು ನನ್ನ ಮೈದುನ ಬೈಯುತ್ತಾರೆ. ಮಗನಿಗೆ ಏನು ಹೇಳಲಿ?
– ಒಬ್ಬ ತಾಯಿ, ದೊಡ್ಡಬಳ್ಳಾಪುರ

ಉತ್ತರ: ಅಮ್ಮಾ, ಮೊದಲು ನಿಮ್ಮ ಮೈದುನರಿಗೆ ಹೇಳಿ. ಇಂಜಿನಿಯರ್ ಸಹಿ ಹಾಕದಿದ್ದರೆ ವಿಮಾನ ಬೀಳುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ರಿಪೇರಿಯೋ ತಪಾಸಣೆಯೋ ಆದ ಮೇಲೆ ಲೈಸೆನ್ಸ್ ಇರುವವರು ‘ಹಾರಾಟಕ್ಕೆ ಸರಿ ಇದೆ’ ಎಂದು ಸಹಿ ಹಾಕಬೇಕು. ಆ ಲೈಸೆನ್ಸ್ ಕೊಡುವುದು ವಿಮಾನಯಾನದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ, ಕಂಪನಿಯಲ್ಲ. ತಪ್ಪಾದರೆ ಮೊದಲು ಕೇಳುವುದು ನಿಮ್ಮ ಮಗನನ್ನೇ.

ಜೀವಕ್ಕೆ ಅಪಾಯ ಇರುವುದು ಬೇರೆ ಕಡೆ. ನಾನು 31 ವರ್ಷ ಇದೇ ಕೆಲಸ ಮಾಡಿದವನು. ಒಮ್ಮೆ ನಮಗೂ ಎರಡು ತಿಂಗಳು ಸಂಬಳ ಆಗಿರಲಿಲ್ಲ. ಮಗಳ ಕಾಲೇಜು ಫೀಸಿಗೆ ಮಾರನೇ ದಿನವೇ ಕಡೆ ದಿನ. ರಾತ್ರಿ ಪಾಳಿ, ಮೂರು ಗಂಟೆ ಹೊತ್ತು. ಚಕ್ರದ ಪಕ್ಕ ಮಂಡಿಯೂರಿ, ಟಾರ್ಚ್ ಬಿಟ್ಟು ಬ್ರೇಕಿನ ಪಿನ್ ನೋಡಿದೆ. ಬ್ರೇಕ್ ಹಿಡಿದಿರುವಾಗ ಆ ಸಣ್ಣ ಪಿನ್ ಸ್ವಲ್ಪವಾದರೂ ಹೊರಗೆ ಕಾಣಬೇಕು. ಪೂರ್ತಿ ಒಳಗೆ ಹೋಗಿದ್ದರೆ ಬ್ರೇಕ್ ಸವೆದಿದೆ ಅಂತ ಅರ್ಥ. ಆಮೇಲೆ ಎಂಜಿನ್ನಿಗೆ ಆಯಿಲ್ ಹಾಕಿದೆ, ಸಹಿ ಮಾಡಿದೆ, ವ್ಯಾನ್ ಹತ್ತಿ ಕೂತೆ. ಆಯಿಲ್ ಟ್ಯಾಂಕಿನ ಮುಚ್ಚಳ ಹಾಕಿದೆನಾ? ಎಷ್ಟು ಯೋಚಿಸಿದರೂ ತಿರುಗಿಸಿದ ನೆನಪೇ ಬರಲಿಲ್ಲ. ಇಳಿದು ಓಡಿದೆ. ಎಂಜಿನ್ ಪಕ್ಕದ ಸಣ್ಣ ಬಾಗಿಲು ತೆಗೆದು ನೋಡಿದರೆ ಮುಚ್ಚಳ ಭದ್ರವಾಗಿಯೇ ಇತ್ತು. ಆದರೆ ಸಹಿ ಮಾಡುವಾಗ ನನ್ನ ತಲೆ ಅಲ್ಲಿರಲಿಲ್ಲ, ಫೀಸ್ ಕೌಂಟರಿನ ಮುಂದೆ ಇತ್ತು. ಮುಚ್ಚಳ ಬಿಗಿಯದೆ ಬಿಟ್ಟಿದ್ದರೆ ಹಾರುವಾಗ ಆಯಿಲ್ ಸೋರುತ್ತಿತ್ತು. ಈಗ ಹೇಳಿ, ಜೀವದ ಜೊತೆ ಆಟ ಆಡುವುದು ಯಾರು? ಸಂಬಳ ಕೇಳುವವರಾ, ಕೊಡದೆ ದುಡಿಸುವವರಾ?

2012ರಲ್ಲಿ ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್‌ನಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. ಮಾರ್ಚ್‌ನಿಂದ ಸಂಬಳ ಬಾಕಿ. ಸೆಪ್ಟೆಂಬರ್ ಕೊನೆಗೆ ಇಂಜಿನಿಯರುಗಳು ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಿಂದ ವಿಮಾನಗಳು ನಿಂತವು, ಕಂಪನಿ ಲಾಕೌಟ್ ಸಾರಿತು. ಅಕ್ಟೋಬರ್ 20ಕ್ಕೆ ಡಿಜಿಸಿಎ ಅದರ ಲೈಸೆನ್ಸನ್ನೇ ಅಮಾನತು ಮಾಡಿತು. ಆಮೇಲೆ ರಾಜಿ ಆದರೂ ವಿಮಾನ ಮತ್ತೆ ಏಳಲಿಲ್ಲ. 2016ರ ನವೆಂಬರ್‌ನಲ್ಲಿ ಕಂಪನಿ ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶ ಕೊಟ್ಟಿತು. ‘ಇಂಜಿನಿಯರುಗಳೇ ಮುಳುಗಿಸಿದರು’ ಎಂದು ನನ್ನ ಎದುರಿಗೇ ವಾದ ಮಾಡಿದವರಿದ್ದಾರೆ. ಆರು ತಿಂಗಳಿಗೂ ಜಾಸ್ತಿ ಸಂಬಳವಿಲ್ಲದೆ ಆ ವಿಮಾನಗಳು ಹಾರುವಂತೆ ನೋಡಿಕೊಂಡವರೇ ಆ ಇಂಜಿನಿಯರುಗಳು. ಆ ಮಾತು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ನಿಮ್ಮ ಮಗನಿಗೆ ನನ್ನ ಮಾತು ಇಷ್ಟು. ಒಬ್ಬನೇ ಮುಂದೆ ಹೋಗುವುದು ಬೇಡ, ಸಂಘದ ಮೂಲಕವೇ ಹೋಗಲಿ. ಸುಮ್ನೆ ಒಂದು ಬೆಳಿಗ್ಗೆ ಕೆಲಸ ಬಿಟ್ಟು ಕೂರುವ ಹಾಗಿಲ್ಲ. 14 ದಿನ ಮೊದಲೇ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ವಿಮಾನ ಕಂಪನಿಗಳ ತಕರಾರು ಕೇಂದ್ರ ಸರ್ಕಾರದ ಲೇಬರ್ ಕಮಿಷನರ್ ಕಚೇರಿಗೆ ಹೋಗುತ್ತದೆ, ಬೆಂಗಳೂರಿನಲ್ಲೇ ಇದೆ. ಅಲ್ಲಿಗೊಂದು ಪ್ರತಿ ಕೊಡಲಿ. 2022ರ ಜುಲೈನಲ್ಲಿ ಇಂಡಿಗೋ ಟೆಕ್ನಿಷಿಯನ್‌ಗಳು ಸಂಬಳ ಸಾಲದು ಎಂದು ಒಟ್ಟಿಗೆ ಸಿಕ್ ಲೀವ್ ಹಾಕಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಿಮ್ಮ ಮಗನಿಗೆ ಆ ದಾರಿ ಹೇಳಲಾರೆ. ನಮ್ಮದು ಸಹಿಯಿಂದ ಅನ್ನ ತಿನ್ನುವ ಕೆಲಸ, ಅಲ್ವಾ? ರಜೆ ಅರ್ಜಿಯಲ್ಲೂ ಇಲ್ಲದ್ದನ್ನು ಬರೆಯಬಾರದು.

ಇನ್ನೊಂದು ಮಾತು, ಇದನ್ನು ತುಂಬ ಜನ ಮರೆಯುತ್ತಾರೆ. ಮಾಡಿದ ಕೆಲಸವನ್ನು ಅವನ ಲಾಗ್‌ಬುಕ್‌ನಲ್ಲಿ ಬರೆಸಿ, ಸಹಿ, ಸೀಲು ಈಗಲೇ ಹಾಕಿಸಿಕೊಳ್ಳಲಿ. ಕಳೆದ 2 ವರ್ಷದಲ್ಲಿ 6 ತಿಂಗಳ ಅನುಭವ ತೋರಿಸದಿದ್ದರೆ ಬೇರೆ ಕಡೆ ಸಹಿ ಮಾಡಲು ತೊಂದರೆಯಾಗುತ್ತದೆ. ಕಂಪನಿ ಬಾಗಿಲು ಹಾಕಿದ ಮೇಲೆ ಸೀಲು ಹಾಕುವವರನ್ನು ಎಲ್ಲಿ ಹುಡುಕುವುದು?

ನೀವು ಮಾಡಬೇಕಾದ್ದೂ ಒಂದಿದೆ, ಅಮ್ಮಾ. ಅವನು ರಾತ್ರಿ ಪಾಳಿಗೆ ಹೊರಡುವಾಗ ಕಂತಿನ ವಿಷಯ ಎತ್ತಬೇಡಿ. ಬೆಳಿಗ್ಗೆ ಬಂದು, ಮಲಗಿ ಎದ್ದು, ಊಟ ಮಾಡಿದ ಮೇಲೆ ಕೂತು ಮಾತಾಡಿ.